ಅಚ್ಚಿಗೆ ಕೊಡುವ ಮುಂಚೆ ಅರ್ಜಿ ನಮೂನೆಯನ್ನು ಒಮ್ಮೆ ಅಜ್ಜಿಯ ಕೈಗೆ ಕೊಡಿ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೆ, ಹಾಗೂ ಯಾವ ಇಲಾಖೆಯಲ್ಲೇ ಆಗಲಿ, ಜನ ತುಂಬಬೇಕಾದ ಅರ್ಜಿ, ಫಾರಂ, ಪ್ರಶ್ನಾವಳಿ ತಯಾರಿಸುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ತಿಪಟೂರು ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. 1991, 2001, 2011, ಈ ಮೂರು ಜನಗಣತಿಯಲ್ಲೂ ಮನೆ ಮನೆ ಸುತ್ತಿದ್ದೇನೆ. ಈಗ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಪಂಚಾಯಿತಿ ಗ್ರಂಥಾಲಯದ ಜಗಲಿಯಲ್ಲಿ ಕೂತು, ಬಂದವರಿಗೆ ಅರ್ಜಿ ತುಂಬಿಕೊಡುತ್ತೇನೆ. ಪಿಂಚಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪೌತಿ ಖಾತೆ, ವಿದ್ಯಾರ್ಥಿವೇತನ, ಬ್ಯಾಂಕಿನ ಫಾರಂ, ಎಲ್ಲವೂ ಬರುತ್ತವೆ. ದುಡ್ಡು ತಗೊಳ್ಳುವುದಿಲ್ಲ. ಕೆಲವರು ಹೋಗುವಾಗ ಎರಡು ತೆಂಗಿನಕಾಯಿ ಇಟ್ಟು ಹೋಗುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ.

ಈ ಪತ್ರ ಬರೆಯಲು ಕಾರಣ ಒಂದು ಟಿಕ್ ಗುರುತು.

ಕಳೆದ ಮಳೆಗಾಲದಲ್ಲಿ ಪಕ್ಕದ ಊರಿನಿಂದ ಒಬ್ಬರು ಅಜ್ಜಿ ಬಂದರು. ಎಪ್ಪತ್ತು ದಾಟಿದವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಜೊತೆಗೆ ವಾಪಸ್ ಬಂದಿದ್ದ ಒಂದು ಪಿಂಚಣಿ ಅರ್ಜಿ. 'ಮೂರು ತಿಂಗಳಾಯ್ತು ಮೇಡಂ, ಆಗಲ್ಲ ಅಂತ ಕಳಿಸವ್ರೆ. ನಾನೇನು ತಪ್ಪು ಮಾಡಿದೆ ನೋಡಿ' ಅಂದರು. ನೋಡಿದೆ. ಎರಡನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು: 'ಅರ್ಜಿದಾರರು ಬೇರೆ ಯಾವುದೇ ಮಾಸಾಶನ ಪಡೆಯುತ್ತಿಲ್ಲವೇ? ಹೌದು / ಇಲ್ಲ.' ಅಜ್ಜಿಯ ಮೊಮ್ಮಗ 'ಹೌದು' ಅನ್ನುವುದರ ಮೇಲೆ ಟಿಕ್ ಹಾಕಿದ್ದ. ಹೌದು, ಪಡೆಯುತ್ತಿಲ್ಲ ಅಂತ ಅವನ ಅರ್ಥ. ಕಚೇರಿಯಲ್ಲಿ ಅದನ್ನು ಓದಿದವರು, ಹೌದು, ಪಡೆಯುತ್ತಿದ್ದಾರೆ ಅಂತ ತಿಳಿದುಕೊಂಡರು. ಅಲ್ಲಿಗೆ ಅರ್ಜಿ ಬಿದ್ದುಹೋಯಿತು.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಮೊಮ್ಮಗ ಪಿಯುಸಿ ಓದಿದ ಹುಡುಗ, ಪ್ರಶ್ನೆಯನ್ನು ಸರಿಯಾಗಿಯೇ ಓದಿದ್ದ. ಕಚೇರಿಯವರೂ ಬೇಕು ಅಂತ ಮಾಡಿದ್ದಲ್ಲ. ನಮ್ಮ ಭಾಷೆ ಇರುವುದೇ ಹಾಗೆ. 'ಇನ್ನೂ ಊಟ ಮಾಡಿಲ್ವಾ?' ಅಂತ ಯಾರಾದರೂ ಕೇಳಿದರೆ 'ಹೌದು, ಮಾಡಿಲ್ಲ' ಅಂತಲೂ ಹೇಳುತ್ತೇವೆ, 'ಇಲ್ಲ, ಮಾಡಿಲ್ಲ' ಅಂತಲೂ ಹೇಳುತ್ತೇವೆ. ಎರಡಕ್ಕೂ ಅರ್ಥ ಒಂದೇ. ಎದುರಿಗೆ ಕೂತು ಮಾತಾಡುವಾಗ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಕಾಗದದ ಮೇಲೆ 'ಇಲ್ಲವೇ' ಅಂತ ಕೇಳಿ, ಪಕ್ಕದಲ್ಲಿ ಹೌದು, ಇಲ್ಲ ಅಂತ ಎರಡು ಚೌಕ ಇಟ್ಟರೆ ಉತ್ತರ ಯಾವ ಕಡೆಗೆ ಬೇಕಾದರೂ ಹೋಗಬಹುದು. 'ನಿಮಗೆ ಈಗ ಬೇರೆ ಯಾವುದಾದರೂ ಪಿಂಚಣಿ ಬರುತ್ತಿದೆಯಾ?' ಅಂತ ಕೇಳಿದ್ದರೆ ಸಾಕಿತ್ತು. ಆ ಒಂದು ವಾಕ್ಯಕ್ಕೆ ಅಜ್ಜಿಯ ಮೂರು ತಿಂಗಳು ಹೋಯಿತು. ಮೂರು ಸಲ ಬಸ್ ಹತ್ತಿ ಇಳಿದದ್ದು ಬೇರೆ.

ಆ ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೂ ಆ ನಮೂನೆ ಎಲ್ಲಿಂದಲೋ ಬಂದದ್ದು. ನಾನು ಮಾತಾಡಬೇಕಾದದ್ದು ಆ ನಮೂನೆ ಬರೆದವರ ಹತ್ತಿರ. ಅದಕ್ಕೇ ಈ ಪತ್ರ.

ಮೂವತ್ತಾರು ವರ್ಷ ಪಾಠ ಮಾಡಿದವಳು ನಾನು. ಪರೀಕ್ಷೆಯಲ್ಲಿ ಒಂದಿಬ್ಬರು ಮಕ್ಕಳು ಒಂದು ಲೆಕ್ಕ ತಪ್ಪು ಮಾಡಿದರೆ ಆ ಮಕ್ಕಳಿಗೆ ಮತ್ತೆ ಹೇಳಿಕೊಡುತ್ತಿದ್ದೆ. ಕ್ಲಾಸಿನ ಮುಕ್ಕಾಲು ಮಕ್ಕಳು ಒಂದೇ ಲೆಕ್ಕವನ್ನು ತಪ್ಪು ಮಾಡಿದರೆ, ನಾನು ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ ಅಂತ ಗೊತ್ತಾಗುತ್ತಿತ್ತು. ಗ್ರಂಥಾಲಯದ ಜಗಲಿಯಲ್ಲಿ ಕೂತಾಗಲೂ ಅದನ್ನೇ ಕಾಣುತ್ತೇನೆ. ಒಂದೊಂದು ಅರ್ಜಿಯಲ್ಲೂ ಎಲ್ಲರ ಪೆನ್ನೂ ನಿಲ್ಲುವ ಜಾಗ ಒಂದೇ. ಯಾರೇ ಬರಲಿ, ಅದೇ ಸಾಲು, ಅದೇ ಚೌಕ. ತಲೆ ಎತ್ತಿ ನನ್ನ ಮುಖ ನೋಡುತ್ತಾರೆ. ಆಮೇಲೆ, 'ನನಗೆ ಓದು ಬರಲ್ಲ, ದಡ್ಡಿ ನಾನು' ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಹಾಗೆ ಅಂದ ಒಬ್ಬ ಹೆಂಗಸು ನಾಲ್ಕು ಎಕರೆ ತೋಟ ನಡೆಸುತ್ತಾಳೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬಾಯಲ್ಲೇ ಹೇಳುತ್ತಾಳೆ. ಅವಳನ್ನು ದಡ್ಡಿ ಅನ್ನಿಸಿದ್ದು ನಿಮ್ಮ ಕಾಗದ.

ಹೆಸರಿನ ಚೌಕವನ್ನೇ ತಗೊಳ್ಳಿ. ಅರ್ಜಿಯ ಮೊದಲನೇ ಪ್ರಶ್ನೆ ಅದು, ಎಲ್ಲಕ್ಕಿಂತ ಸುಲಭವಾಗಿರಬೇಕು, ಅಲ್ವಾ? ನಮ್ಮ ಕಡೆ ಹೆಚ್ಚು ಜನರಿಗೆ ಅಡ್ಡಹೆಸರು ಇಲ್ಲ. ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಮೊದಲನೆಯದು ಊರಿನದು, ಎರಡನೆಯದು ಅಪ್ಪನದು, ಕೊನೆಗೆ ಸ್ವಂತ ಹೆಸರು. ಬೆಳಗಾವಿ, ಧಾರವಾಡದ ಕಡೆ ಸ್ವಂತ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು. ಕರಾವಳಿಯಲ್ಲಿ ಇನ್ನೊಂದು ಥರ. ಒಂದೇ ರಾಜ್ಯದಲ್ಲಿ ಹೆಸರು ಇಡುವ ಪದ್ಧತಿ ಇಷ್ಟು ಬಗೆ ಇರುವಾಗ, ಇಂಗ್ಲಿಷ್ ನಮೂನೆ ನೋಡಿಕೊಂಡು 'ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು' ಅಂತ ಮೂರು ಚೌಕ ಇಡುತ್ತೀರಿ. ನಮ್ಮ ಊರಿನವರು ಮೊದಲ ಹೆಸರಿನಲ್ಲಿ ಊರಿನ ಹೆಸರು ಬರೆಯುತ್ತಾರೆ. ಮೊದಲು ಬರುವುದು ಅದೇ ತಾನೇ! ಕೊನೆಯ ಚೌಕದಲ್ಲಿ ಒಬ್ಬರು ಅಪ್ಪನ ಹೆಸರು, ಇನ್ನೊಬ್ಬರು ಜಾತಿ ಹೆಸರು, ಮತ್ತೊಬ್ಬರು ಬರೀ ಒಂದು ಚುಕ್ಕಿ. ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು ಥರ ಆಗುವುದು ಹೀಗೆ. ಆಮೇಲೆ ಅದನ್ನು ಸರಿ ಮಾಡಿಸಲು ಛಾಪಾ ಕಾಗದ, ನೋಟರಿ, ಅಫಿಡವಿಟ್ಟು. 'ನಿಮ್ಮ ಪೂರ್ತಿ ಹೆಸರು, ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ ಬರೆಯಿರಿ' ಅಂತ ಒಂದೇ ಉದ್ದದ ಜಾಗ ಬಿಟ್ಟರೆ ಇಷ್ಟೆಲ್ಲ ಇರುವುದಿಲ್ಲ.

ಇನ್ನು ಅಕ್ಷರಕ್ಕೊಂದು ಚೌಕ ಇರುವ ನಮೂನೆಗಳು. ಇಂಗ್ಲಿಷಿಗೆ ಅದು ಸರಿ, ಒಂದು ಮನೆಗೆ ಒಂದು ಅಕ್ಷರ. ಕನ್ನಡದಲ್ಲಿ 'ಲಕ್ಷ್ಮಮ್ಮ' ಅಂತ ಬರೆಯಿರಿ ನೋಡೋಣ. ಮೂರು ಮನೆ ಸಾಕು. ಆದರೆ ಎರಡನೇ ಮನೆಯಲ್ಲಿ 'ಕ್ಷ್ಮ' ಕೂರಬೇಕು. ಅದಕ್ಕೆ ಎರಡು ಒತ್ತು ಇದೆ. ಚೌಕ ಇರುವುದು ಬೆರಳಿನ ಉಗುರಿನಷ್ಟು. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ, ಅಲ್ಲಿ ಅಪ್ಪನ ಹೆಸರಿನ ತಲೆಕಟ್ಟಿಗೆ ತಗಲುತ್ತದೆ. ಹೋದ ತಿಂಗಳು ಒಬ್ಬರು ಹಿರಿಯರು 'ಲ', 'ಕ', 'ಷ', 'ಮ' ಅಂತ ಒಂದೊಂದನ್ನೂ ಬಿಡಿಸಿ ಬೇರೆ ಬೇರೆ ಮನೆಗೆ ತುಂಬಿದ್ದನ್ನು ನಾನೇ ಕಂಡೆ. ಅವರು ಅಷ್ಟು ಶ್ರದ್ಧೆಯಿಂದ ಬರೆದಿದ್ದರು, ತಿದ್ದಲು ಮನಸ್ಸು ಬರಲಿಲ್ಲ. ಕನ್ನಡಕ್ಕೆ ಸಾಲಿನ ಮೇಲೂ ಜಾಗ ಬೇಕು, ಕೆಳಗೂ ಜಾಗ ಬೇಕು. ಎರಡು ಗೆರೆ ನಡುವಿನ ಅಂತರ ಇಂಗ್ಲಿಷ್ ಫಾರಂನಲ್ಲಿ ಇರುವುದಕ್ಕಿಂತ ಒಂದೂವರೆ ಪಟ್ಟಾದರೂ ಇರಲಿ. ಕಾಗದ ಒಂದು ಹಾಳೆ ಜಾಸ್ತಿ ಆಗಬಹುದು. ಆಗಲಿ. ಹಾಳೆ ಉಳಿಸಲು ಅಕ್ಷರ ಚಿಕ್ಕದು ಮಾಡಿದರೆ, ಪೊರೆ ಬಂದ ಕಣ್ಣಿಗೆ ಅದು ಇರುವೆ ಸಾಲಿನ ಹಾಗೆ ಕಾಣುತ್ತದೆ. ಅದೂ ನಮಗೆ ಸಿಗುವುದು ಮೂಲ ಪ್ರತಿ ಅಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಜೆರಾಕ್ಸಿನ ಜೆರಾಕ್ಸು. ತೆಳು ಬೂದು ಬಣ್ಣದಲ್ಲಿ ಅಚ್ಚಾದ ಸೂಚನೆ ನಮ್ಮ ಊರಿಗೆ ಬರುವ ಹೊತ್ತಿಗೆ ಕಾಣುವುದೇ ಇಲ್ಲ.

'ತಂದೆ/ಗಂಡನ ಹೆಸರು' ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಆ ಓರೆ ಗೆರೆ ಇದೆಯಲ್ಲ, ಅದು ಎಷ್ಟೋ ಹೆಂಗಸರಿಗೆ ಅರ್ಥವೇ ಆಗುವುದಿಲ್ಲ. ಇಬ್ಬರದೂ ಬರೆಯಬೇಕಾ, ಒಬ್ಬರದಾ? ಗಂಡ ಬಿಟ್ಟುಹೋದವಳು ಏನು ಬರೆಯಬೇಕು? ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳುತ್ತಾಳೆ, ಸುತ್ತ ಜನ ಇರುತ್ತಾರೆ. ಆ ಸವಲತ್ತಿಗೆ ಗಂಡನ ಹೆಸರು ನಿಜವಾಗಲೂ ಬೇಕಾ, ಒಮ್ಮೆ ಯೋಚನೆ ಮಾಡಿ. ಬೇಡ ಅಂದರೆ ಕೇಳಬೇಡಿ. ಬೇಕು ಅಂದರೆ ಯಾಕೆ ಬೇಕು ಅಂತ ಪಕ್ಕದಲ್ಲೇ ಒಂದು ಸಾಲು ಬರೆಯಿರಿ. ದೇಶದ ಮೊದಲನೇ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಮಾತ್ರ ಹೇಳಿದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಸ್ವಂತ ಹೆಸರು ಹೇಳುವ ರೂಢಿ ಇಲ್ಲದ ಕಡೆ ಹೆಸರನ್ನು ಹೇಗೆ ಕೇಳಬೇಕು ಅನ್ನುವುದು ಆಗಲೇ ಅಷ್ಟು ದೊಡ್ಡ ಪ್ರಶ್ನೆಯಾಗಿತ್ತು.

ಆದರೆ ಅದೇ ಚುನಾವಣೆ ಇನ್ನೊಂದು ಪಾಠವನ್ನೂ ಕಲಿಸಿದೆ. ನನ್ನ ಪಾಲಿಗೆ ಅದೇ ದೊಡ್ಡದು. 1951ರಲ್ಲಿ ನಮ್ಮ ದೇಶದಲ್ಲಿ ನೂರಕ್ಕೆ ಹದಿನೆಂಟು ಜನರಿಗೆ ಮಾತ್ರ ಓದು ಬರಹ ಬರುತ್ತಿತ್ತು. ಜನ ಓದು ಕಲಿಯಲಿ, ಆಮೇಲೆ ಮತ ಹಾಕಲಿ ಅಂತ ಯಾರೂ ಕಾಯಲಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟರು, ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿದರು. ಎತ್ತೋ, ದೀಪವೋ, ಮರವೋ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಆಯಿತು. ಏನೂ ಬರೆಯಬೇಕಾಗಿರಲಿಲ್ಲ, ಗುರುತು ಕೂಡ ಹಾಕಬೇಕಾಗಿರಲಿಲ್ಲ. ಒಂದೇ ಚೀಟಿಯಲ್ಲಿ ಎಲ್ಲರ ಹೆಸರು, ಚಿಹ್ನೆ ಇಟ್ಟು ಮುದ್ರೆ ಒತ್ತುವ ಪದ್ಧತಿ ಆಮೇಲೆ ಬಂತು. 2015ರಿಂದ ಅಭ್ಯರ್ಥಿಯ ಫೋಟೋ ಕೂಡ ಸೇರಿತು, ಒಂದೇ ಹೆಸರಿನ ಇಬ್ಬರು ನಿಂತಾಗ ಗೊಂದಲ ಆಗಬಾರದು ಅಂತ. ಇದನ್ನೆಲ್ಲ ಮಾಡಿದವರು ಸರ್ಕಾರಿ ನೌಕರರೇ. ಕಾಗದ ಜನರ ಹತ್ತಿರ ಬಂತು. ಅಷ್ಟು ದೊಡ್ಡ ಕೆಲಸ ಆಗಲೇ ಮಾಡಿದ ದೇಶದಲ್ಲಿ ಒಂದು ಪಿಂಚಣಿ ಅರ್ಜಿ ಸುಲಭ ಮಾಡುವುದು ಆಗದ ಮಾತಲ್ಲ.

ಈಗ ಭಾಷೆಯ ವಿಷಯ. ನಮ್ಮ ರಾಜ್ಯದಲ್ಲಿ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಅರ್ಜಿಗಳು ಕನ್ನಡದಲ್ಲಿ ಸಿಗುತ್ತವೆ, ಅದಕ್ಕಾಗಿ ಹೋರಾಡಿದವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅರ್ಜಿಯ ಕನ್ನಡ ಯಾರೂ ಮಾತಾಡದ ಕನ್ನಡ. 'ಸದರಿ ಅರ್ಜಿದಾರರು ಮೇಲ್ಕಂಡ ಸೌಲಭ್ಯವನ್ನು ಈ ಹಿಂದೆ ಪಡೆದಿರುವುದಿಲ್ಲವೆಂಬ ಬಗ್ಗೆ ದೃಢೀಕರಣವನ್ನು ಲಗತ್ತಿಸತಕ್ಕದ್ದು.' ಇದನ್ನು ನಾನು ಜೋರಾಗಿ ಓದಿದರೆ ಎದುರಿಗೆ ಕೂತವರು ಸುಮ್ನೆ ತಲೆ ಆಡಿಸುತ್ತಾರೆ. 'ಈ ಸಹಾಯ ನಿಮಗೆ ಮೊದಲು ಸಿಕ್ಕಿತ್ತಾ? ಸಿಕ್ಕಿಲ್ಲ ಅಂದರೆ ಹಾಗಂತ ಒಂದು ಪತ್ರ ಬೇಕು' ಅಂದರೆ ತಕ್ಷಣ, 'ಅದನ್ನ ಯಾರು ಕೊಡ್ತಾರೆ?' ಅಂತ ಕೇಳುತ್ತಾರೆ. ನೋಡಿ, ಅರ್ಥ ಆದ ಕೂಡಲೇ ಮುಂದಿನ ಪ್ರಶ್ನೆ ಹುಟ್ಟಿತು. ಆ ಮುಂದಿನ ಪ್ರಶ್ನೆಗೂ ಅರ್ಜಿಯಲ್ಲೇ ಉತ್ತರ ಇರಬೇಕು: ಈ ಪತ್ರವನ್ನು ನಿಮ್ಮ ಗ್ರಾಮ ಆಡಳಿತಾಧಿಕಾರಿ ಕೊಡುತ್ತಾರೆ.

'ಅನ್ವಯಿಸದೇ ಇರುವುದನ್ನು ಹೊಡೆದುಹಾಕಿ' ಅಂತ ಇನ್ನೊಂದು ಸಾಲು. ಶಾಲೆಯಲ್ಲಿ ನಾವೇ ಮಕ್ಕಳಿಗೆ ಸರಿ ಉತ್ತರಕ್ಕೆ ಗುರುತು ಹಾಕಿ ಅಂತ ಕಲಿಸಿರುತ್ತೇವೆ. ಇಲ್ಲಿ ಬೇಡದ್ದಕ್ಕೆ ಗುರುತು ಹಾಕಬೇಕು. 'ವಿವಾಹಿತ/ಅವಿವಾಹಿತ' ಅನ್ನುವ ಕಡೆ ಮದುವೆಯಾಗಿ ಮೂರು ಮಕ್ಕಳಿರುವವರು 'ವಿವಾಹಿತ' ಅನ್ನುವುದನ್ನೇ ಗೆರೆ ಎಳೆದು ಹೊಡೆದಿರುತ್ತಾರೆ. ಇಡೀ ಅರ್ಜಿಯಲ್ಲಿ ಒಂದೇ ಬಗೆಯ ಗುರುತು ಇರಲಿ. ಸರಿಯಾದದ್ದಕ್ಕೆ ಟಿಕ್, ಅಷ್ಟೇ. ಅದನ್ನು ಹೇಗೆ ಹಾಕಬೇಕು ಅಂತ ಮೇಲುಗಡೆ ಒಂದು ತುಂಬಿದ ಚೌಕ ತೋರಿಸಿ. ಹಾಗೆಯೇ ಸೂಚನೆಗಳನ್ನೆಲ್ಲ ಕೊನೆಯ ಪುಟದ ಹಿಂಭಾಗದಲ್ಲಿ ಗುಡ್ಡೆ ಹಾಕಬೇಡಿ. ಅರ್ಜಿ ತುಂಬಿ ಮುಗಿದ ಮೇಲೆ 'ದೊಡ್ಡ ಅಕ್ಷರದಲ್ಲಿ ಕಪ್ಪು ಶಾಯಿಯಿಂದ ತುಂಬತಕ್ಕದ್ದು' ಅಂತ ಓದಿದರೆ ಏನು ಮಾಡುವುದು? ಯಾವ ಪ್ರಶ್ನೆಗೆ ಯಾವ ಸೂಚನೆಯೋ ಅದು ಆ ಪ್ರಶ್ನೆಯ ಮಗ್ಗುಲಲ್ಲೇ ಇರಬೇಕು.

ಇಲ್ಲಿ ಒಬ್ಬರನ್ನು ನೆನೆಯಬೇಕು. ಇಂಗ್ಲೆಂಡಿನ ಲಿವರ್‌ಪೂಲಿನ ಕ್ರಿಸ್ಸಿ ಮಾಹರ್. ಹದಿಹರೆಯ ಬರುವವರೆಗೂ ಓದಲು ಬಾರದೆ ಬೆಳೆದ ಹೆಂಗಸು. ಬಡವರು ಸರ್ಕಾರಿ ಫಾರಂ ಅರ್ಥವಾಗದೆ ಸವಲತ್ತು ಕಳೆದುಕೊಳ್ಳುವುದನ್ನು ನೋಡಿ ನೋಡಿ, 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಎಲ್ಲರ ಎದುರು ಸರ್ಕಾರಿ ಫಾರಂಗಳನ್ನು ಹರಿದುಹಾಕಿದರು. ಸರಳ ಇಂಗ್ಲಿಷ್ ಬೇಕು ಅನ್ನುವ ಚಳವಳಿ ಅಲ್ಲಿಂದ ಶುರುವಾಯಿತು. ಇಂಗ್ಲಿಷೇ ಮಾತಾಡುವ ಜನಕ್ಕೂ ಕಚೇರಿ ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ನಾವು ಆ ಇಂಗ್ಲಿಷನ್ನೇ ಪದಕ್ಕೆ ಪದ ಇಟ್ಟು ಕನ್ನಡ ಮಾಡಿಕೊಂಡಿದ್ದೇವೆ. ಎಷ್ಟು ಅರ್ಥವಾದೀತು ಹೇಳಿ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಬೇಕಾದರೆ ಇಂಗ್ಲಿಷಿಗೆ ಮಾಡಿಕೊಳ್ಳಿ.

ಪ್ರಶ್ನೆ ಹೇಗೆ ಕೇಳುತ್ತೇವೆ ಅನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ ಅಂತ ನಾನು ಕಲಿತದ್ದು ಜನಗಣತಿಯಲ್ಲಿ. 1991ರಲ್ಲಿ ನನ್ನದು ಮೊದಲನೇ ಗಣತಿ. ಕಳೆದ ವರ್ಷದಲ್ಲಿ ಕೆಲಸ ಮಾಡಿದ್ದೀರಾ ಅನ್ನುವ ಪ್ರಶ್ನೆಗೆ ಆ ಸಲ ಹೊಸದಾಗಿ ಒಂದು ಮಾತು ಸೇರಿಸಿದ್ದರು: ಮನೆಯ ಜಮೀನಿನಲ್ಲಿ, ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿದಂತೆ. ಆ ಒಂದು ಮಾತಿನ ಬೆಲೆ ನನಗೆ ಗೊತ್ತಾದದ್ದು ಒಂದು ಮನೆಯ ಹಜಾರದಲ್ಲಿ. ಮನೆಯೊಡತಿಯನ್ನು 'ಕೆಲಸ ಮಾಡ್ತೀರಾಮ್ಮ?' ಅಂತ ಕೇಳಿದೆ. 'ಇಲ್ಲವ್ವ, ಮನೇಲೇ ಇರ್ತೀನಿ' ಅಂದರು. ಅವರ ಕೈ ನೋಡಿದೆ. ಕಾಯಿ ಸುಲಿದ ಸಿಪ್ಪೆಯ ಕಪ್ಪು ಕಲೆ ಅಂಗೈ ತುಂಬ. 'ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಹೇಳಿ' ಅಂದೆ. ಎರಡು ಹಸು ಕರೆಯುತ್ತಾರೆ, ಹುಲ್ಲು ತರುತ್ತಾರೆ, ರಾಗಿ ಹೊಲದ ಕಳೆ ತೆಗೆಯುತ್ತಾರೆ, ಕೊಬ್ಬರಿ ಒಡೆಯುವ ಕಾಲಕ್ಕೆ ರಾತ್ರಿ ಹತ್ತರವರೆಗೂ ಕೂರುತ್ತಾರೆ. ಹಾಗೆ ಕೇಳದೆ ಹೋಗಿದ್ದರೆ ದೇಶದ ಲೆಕ್ಕದಲ್ಲಿ ಅವರು ಏನೂ ಕೆಲಸ ಮಾಡದವರು. ಮುಂದೆ ಮನೆ ಬಳಕೆಗೆ ಹಾಲು ಕರೆಯುವುದೂ ಕೆಲಸ ಅಂತ ಗಣತಿಯ ವಿವರಣೆಯಲ್ಲೇ ಬಂತು. ಒಂದು ಪ್ರಶ್ನೆಯನ್ನು ಬಿಡಿಸಿ ಕೇಳಿದ್ದರಿಂದ ಅವರ ಇಡೀ ದಿನ ಲೆಕ್ಕಕ್ಕೆ ಬಂತು.

ವಯಸ್ಸಿನ ವಿಷಯವೂ ಹೀಗೇ. ನಮ್ಮ ಕಡೆ ಹಿರಿಯರ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಯ ದಾಖಲೆಯಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ತಾರೀಖು ಜೂನ್ ಒಂದು. ಶಾಲೆ ಶುರುವಾಗುವ ದಿನವನ್ನೇ ಲೆಕ್ಕಕ್ಕೆ ಇಟ್ಟು ಮೇಷ್ಟ್ರು ಬರೆದದ್ದು ಅದು. ವಯಸ್ಸು ಕೇಳಿದರೆ ಅರವತ್ತು, ಅರವತ್ತೈದು, ಎಪ್ಪತ್ತು ಅನ್ನುತ್ತಾರೆ. ಅರವತ್ತೆರಡು ಅನ್ನುವವರು ಕಡಿಮೆ. ಅಂಥವರ ಮುಂದೆ ದಿನಕ್ಕೆ ಎರಡು ಮನೆ, ತಿಂಗಳಿಗೆ ಎರಡು ಮನೆ, ಇಸವಿಗೆ ನಾಲ್ಕು ಮನೆ ಇಟ್ಟು, ಒಂದೂ ಖಾಲಿ ಬಿಡುವಂತಿಲ್ಲ ಅಂದರೆ, ಅವರು ಸುಳ್ಳು ಬರೆಯಲೇಬೇಕಾಗುತ್ತದೆ. ಆಧಾರ್ ಮಾಡಿಸುವಾಗ ಪೂರ್ತಿ ತಾರೀಖು ಗೊತ್ತಿಲ್ಲದವರಿಗೆ ಅಂದಾಜು ವಯಸ್ಸು ಹೇಳಲು ಅವಕಾಶ ಕೊಟ್ಟಿದ್ದರು. ಬರೀ ಹುಟ್ಟಿದ ಇಸವಿ ಇರುವ ಎಷ್ಟೋ ಕಾರ್ಡು ನಮ್ಮ ಊರಲ್ಲಿ ಇವೆ. ಅದು ಜನರನ್ನು ನೋಡಿ ಮಾಡಿದ ಕೆಲಸ. 'ತಾರೀಖು ಗೊತ್ತಿಲ್ಲ, ಇಸವಿ ಮಾತ್ರ ಗೊತ್ತು' ಅಂತ ಒಂದು ಚೌಕ ಪ್ರತಿ ಅರ್ಜಿಯಲ್ಲೂ ಇದ್ದರೆ ಯಾರಿಗೂ ನಷ್ಟ ಇಲ್ಲ.

ವಾರ್ಷಿಕ ಆದಾಯ ಅಂತ ಕೇಳುತ್ತೀರಿ. ಸಂಬಳದವರಿಗೆ ಅದು ಒಂದು ಅಂಕಿ. ನಮ್ಮದು ತೆಂಗಿನ ಸೀಮೆ. ಕಾಯಿ ಕೀಳಿಸಿ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಕೊಬ್ಬರಿ ಮಾಡಿ, ತಿಪಟೂರು ಮಾರುಕಟ್ಟೆಗೆ ಹಾಕಿದಾಗ ಬಂದದ್ದು ದುಡ್ಡು. ಈ ವರ್ಷ ಕಿತ್ತ ಕಾಯಿ ಮುಂದಿನ ವರ್ಷದ ದುಡ್ಡು. ಕೂಲಿಯವರಿಗೆ ವಾರಕ್ಕೊಂದು ಲೆಕ್ಕ. ಅವರಿಗೆ 'ದಿನದ ಕೂಲಿ ಎಷ್ಟು? ತಿಂಗಳಿಗೆ ಸುಮಾರು ಎಷ್ಟು ದಿನ ಕೆಲಸ ಸಿಗುತ್ತದೆ?' ಅಂತ ಕೇಳಿ. ಗುಣಾಕಾರ ನಿಮ್ಮ ಕಂಪ್ಯೂಟರ್ ಮಾಡಲಿ. ಜೊತೆಗೆ, ಆದಾಯವನ್ನು ಯಾಕೆ ಕೇಳುತ್ತಿದ್ದೀರಿ, ಯಾರಿಗೆ ತೋರಿಸುತ್ತೀರಿ ಅಂತಲೂ ಹೇಳಿ. ಕಾರಣ ಗೊತ್ತಿಲ್ಲದಿದ್ದರೆ ಜನ ಹೆದರುತ್ತಾರೆ. ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೇನೋ ಅಂತ ಮೊದಲು ತೋಚುತ್ತದೆ. ಹೆದರಿದವರ ಉತ್ತರದಿಂದ ನಿಮಗೂ ಉಪಯೋಗ ಇಲ್ಲ.

ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಗಳು ಬಂದ ಮೇಲೆ ಕೆಲವು ಕಷ್ಟ ಕಮ್ಮಿಯಾಗಿವೆ, ನಿಜ. ಆದರೆ ಹೊಸ ಕಷ್ಟಗಳೂ ಬಂದಿವೆ. ಫೋಟೋ 50 ಕೆಬಿ ಒಳಗೆ ಇರಬೇಕು ಅನ್ನುತ್ತದೆ, ಅದನ್ನು ಚಿಕ್ಕದು ಮಾಡುವುದು ಹೇಗೆ ಅಂತ ಹೇಳುವುದಿಲ್ಲ. ಕನ್ನಡ ಅಂತ ಒತ್ತಿದರೆ ಪ್ರಶ್ನೆ ಕನ್ನಡಕ್ಕೆ ಬರುತ್ತದೆ, ಆರಿಸಬೇಕಾದ ಪಟ್ಟಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ತಪ್ಪಾದರೆ ಕೆಂಪು ಅಕ್ಷರದಲ್ಲಿ 'ಅಮಾನ್ಯ' ಅಂತ ಒಂದೇ ಪದ. ಏನು ತಪ್ಪು, ಎಲ್ಲಿ ತಪ್ಪು, ಹೇಗೆ ಬರೆದರೆ ಸರಿ, ಯಾವುದೂ ಇಲ್ಲ. ಅಷ್ಟರಲ್ಲಿ ಸಮಯ ಮುಗಿಯಿತು ಅಂತ ಹೊರಗೆ ಹಾಕುತ್ತದೆ. ಇಪ್ಪತ್ತು ನಿಮಿಷ ತುಂಬಿದ್ದು ಹೋಯಿತು. ಪಕ್ಕದಲ್ಲಿ ಕೂತ ಅಜ್ಜ 'ಪರವಾಗಿಲ್ಲ ಬಿಡಿ ಮೇಡಂ, ನಾಳೆ ಬರ್ತೀನಿ' ಅಂತ ಎದ್ದು ಹೋಗುತ್ತಾರೆ. ತುಂಬಿದಷ್ಟನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇರಲೇಬೇಕು.

ಇನ್ನು, ನಿಮ್ಮ ಹತ್ತಿರ ಇರುವುದನ್ನೇ ನಮ್ಮ ಹತ್ತಿರ ಮತ್ತೆ ಕೇಳಬೇಡಿ. ರಾಜ್ಯದಲ್ಲಿ 'ಕುಟುಂಬ' ಅನ್ನುವ ದತ್ತಾಂಶ ವ್ಯವಸ್ಥೆ ಇದೆ, ಮನೆಯಲ್ಲಿ ಯಾರು ಯಾರು ಇದ್ದಾರೆ ಅಂತ ಅದರಲ್ಲಿ ಇದೆ. ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕಕ್ಕೂ ಮೇಲಾಯಿತು. ಆದರೂ ಪಹಣಿ ತೆಗೆಸಿಕೊಂಡು ಬಂದು ಜೊತೆಗಿಡಿ ಅನ್ನುವ ಅರ್ಜಿಗಳು ನನ್ನ ಮುಂದೆ ಬರುತ್ತವೆ. ಒಂದು ಒಳ್ಳೆಯ ಮಾದರಿಯೂ ನೆನಪಾಗುತ್ತದೆ. 2022ರಲ್ಲಿ ಕಂದಾಯ ಇಲಾಖೆ 'ಹಲೋ ಕಂದಾಯ ಸಚಿವರೇ' ಅಂತ ಒಂದು ಸಹಾಯವಾಣಿ ತಂದಿತ್ತು. ಪಿಂಚಣಿಗೆ ಫೋನ್ ಮಾಡಿದರೆ ಸಿಬ್ಬಂದಿಯೇ ಮನೆಗೆ ಬರುವ, 72 ಗಂಟೆಯೊಳಗೆ ಮಂಜೂರು ಮಾಡುವ ಯೋಜನೆ. ಒಂದು ಫೋನಿನಿಂದ ಕೆಲಸ ಆಗಬಹುದು ಅಂತ ಸರ್ಕಾರವೇ ಯೋಚನೆ ಮಾಡಿದೆ ಅಂದಮೇಲೆ, ಆರು ಪುಟದ ಅರ್ಜಿಯನ್ನು ಎರಡು ಪುಟ ಮಾಡುವುದು ಖಂಡಿತ ಆಗುತ್ತದೆ.

ಅರ್ಜಿ ಕೈಗೆ ಬಂದ ಕೂಡಲೇ ಜನ ಕೇಳುವುದು ಮೂರೇ ಮಾತು. ಇದು ನಮಗೆ ಬರುತ್ತಾ? ಏನೇನು ತರಬೇಕು? ಎಷ್ಟು ದಿನ ಆಗುತ್ತೆ? ಈ ಮೂರಕ್ಕೂ ಉತ್ತರ ಮೊದಲ ಪುಟದ ಮೇಲ್ಭಾಗದಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ. ಎಷ್ಟು ದಿನ ಅನ್ನುವುದಕ್ಕೆ ನೀವು ಹೊಸದಾಗಿ ಯೋಚಿಸಬೇಕಾಗಿಲ್ಲ, 2011ರ ಸಕಾಲ ಕಾಯ್ದೆಯ ಪ್ರಕಾರ ಒಂದೊಂದು ಸೇವೆಗೂ ಇಷ್ಟು ದಿನ ಅಂತ ಗೊತ್ತುಮಾಡಿದ್ದೀರಿ. ಅದನ್ನು ಗೋಡೆಯ ಬೋರ್ಡಿನಲ್ಲಿ ಬರೆದ ಹಾಗೆ ಅರ್ಜಿಯ ಮೇಲೂ ಬರೆಯಿರಿ. ಇಂಥ ಅರ್ಜಿ ನೋಡಿದರೆ ಜನರಿಗೆ ಕೂತು ತುಂಬೋಣ ಅನ್ನಿಸುತ್ತದೆ.

ನಾನು ಕೇಳುವುದು ಒಂದೇ. ಯಾವುದೇ ಹೊಸ ಅರ್ಜಿ, ಹೊಸ ಪ್ರಶ್ನಾವಳಿ ಅಚ್ಚಿಗೆ ಹೋಗುವ ಮುಂಚೆ, ಅದನ್ನು ತುಂಬಬೇಕಾದವರಲ್ಲಿ ಐದಾರು ಜನರ ಪಕ್ಕ ಕೂತು ಅವರು ತುಂಬುವುದನ್ನು ನೋಡಬೇಕು ಅಂತ ಒಂದು ಸರ್ಕಾರಿ ಆದೇಶ ಹೊರಡಿಸಿ. ಜನಗಣತಿಯವರು ಇದನ್ನು ಮಾಡುತ್ತಾರೆ. 2027ರ ಗಣತಿಗಾಗಿ 2025ರ ನವೆಂಬರಿನಲ್ಲೇ ಆಯ್ದ ಕಡೆಗಳಲ್ಲಿ ಪ್ರಶ್ನೆಗಳನ್ನು ಪರೀಕ್ಷೆ ಮಾಡಿ ನೋಡಿದರು. ತಾಲ್ಲೂಕು ಮಟ್ಟದ ಒಂದು ಅರ್ಜಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಎಪ್ಪತ್ತರ ಒಬ್ಬ ಹಿರಿಯರು, ನಾಲ್ಕನೇ ಕ್ಲಾಸು ಓದಿದ ಒಬ್ಬ ಹೆಂಗಸು, ಒಬ್ಬ ಕೂಲಿ ಕಾರ್ಮಿಕ, ಕಣ್ಣು ಮಂಜಾದ ಒಬ್ಬರು, ಆಮೇಲೆ ತುಂಬಿದ ಅರ್ಜಿಯನ್ನು ಓದಬೇಕಾದ ಒಬ್ಬ ಕೇಸ್ ವರ್ಕರ್. ಅವರಿಗೂ ಒಳ್ಳೆಯ ಅರ್ಜಿ ಅಷ್ಟೇ ಮುಖ್ಯ. ದಿನಕ್ಕೆ ನೂರು ಅರ್ಜಿ ನೋಡುವವರ ಕಣ್ಣೂ ದಣಿಯುತ್ತದೆ.

ಪಕ್ಕ ಕೂತಾಗ ಸಹಾಯ ಮಾಡಬೇಡಿ. ಇದು ಬಹಳ ಕಷ್ಟ, ಶಿಕ್ಷಕಿಯಾದ ನನಗೆ ಗೊತ್ತು, ಬಾಯಿ ತುರಿಸುತ್ತದೆ. ಆದರೂ ಸುಮ್ಮನಿರಿ. ಪೆನ್ನು ಎಲ್ಲಿ ನಿಲ್ಲುತ್ತದೆ, ಯಾವ ಸಾಲನ್ನು ಎರಡು ಸಲ ಓದುತ್ತಾರೆ, ಯಾವ ಪುಟದಿಂದ ಹಿಂದಕ್ಕೆ ತಿರುವುತ್ತಾರೆ, ಎಲ್ಲಿ ನಿಮ್ಮ ಮುಖ ನೋಡುತ್ತಾರೆ, ಅದನ್ನು ನಿಮ್ಮ ಪ್ರತಿಯಲ್ಲಿ ಗುರುತು ಮಾಡಿಕೊಳ್ಳಿ. ಇಬ್ಬರ ಪೆನ್ನು ಒಂದೇ ಕಡೆ ನಿಂತರೆ ಆ ಪ್ರಶ್ನೆಯನ್ನು ತಿದ್ದಿ. ತಿದ್ದಿದ್ದನ್ನು ಬೇರೆ ಐದು ಜನರ ಕೈಗೆ ಕೊಡಿ. 2011ರ ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 75. ಉಳಿದ ಇಪ್ಪತ್ತೈದು ಜನರಿಗೆ ಯಾರಾದರೂ ಓದಿ ಹೇಳಬೇಕು. ಹಾಗಾಗಿ ಅರ್ಜಿಯನ್ನು ಒಮ್ಮೆ ಜೋರಾಗಿ ಓದಿಸಿಯೂ ನೋಡಿ. ಕಿವಿಗೆ ಅರ್ಥವಾಗದ ಪ್ರಶ್ನೆ ಕಣ್ಣಿಗೂ ಸುಲಭ ಆಗುವುದಿಲ್ಲ.

ಆ ಅಜ್ಜಿಯ ಅರ್ಜಿಯನ್ನು ಮತ್ತೆ ಬರೆದುಕೊಟ್ಟೆ. 'ಇಲ್ಲ' ಅನ್ನುವುದಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ 'ಇವರಿಗೆ ಬೇರೆ ಯಾವ ಪಿಂಚಣಿಯೂ ಬರುತ್ತಿಲ್ಲ' ಅಂತ ಕೈಯಲ್ಲಿ ಬರೆದೆ. ಈಗ ಅವರಿಗೆ ದುಡ್ಡು ಬರುತ್ತಿದೆ. ನಮೂನೆ ಮಾತ್ರ ಇನ್ನೂ ಹಾಗೇ ಇದೆ. ಹೋದ ಶನಿವಾರ ಮತ್ತಿಬ್ಬರು ಅದನ್ನೇ ಹಿಡಿದುಕೊಂಡು ಬಂದಿದ್ದರು, ಒಬ್ಬರು 'ಹೌದು' ಅಂತ ಹಾಕಿದ್ದರು, ಇನ್ನೊಬ್ಬರು ಎರಡಕ್ಕೂ ಹಾಕಿದ್ದರು.

ನಿಮ್ಮಲ್ಲಿ ಯಾರಾದರೂ ಬರುವುದಾದರೆ, ಶನಿವಾರ ಮೂರು ಗಂಟೆಯಿಂದ ಐದೂವರೆವರೆಗೆ ನಾನು ಗ್ರಂಥಾಲಯದಲ್ಲಿ ಇರುತ್ತೇನೆ. ಇನ್ನೂ ಅಚ್ಚಾಗದ ಕರಡು ತನ್ನಿ, ಹತ್ತು ಪ್ರತಿ ಸಾಕು. ತುಂಬುವವರನ್ನು ನಾನು ಕರೆದಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ